ಗೆರಟೆಯಲ್ಲಿ ಎರೆದ ಸಾಬೂನು

ಹೇಳಿದ ಕ್ರಯವನ್ನು ಹೇಳಿದ ಕೂಡಲೇ ಕೊಡುವವನಿಗೆ ಸಾಮಾನಿನ ಬೆಲೆ ಗೊತ್ತಿಲ್ಲ. ಕ್ರಯ ಕೇಳಿ ಸುಮ್ಮನೆ ಹೋಗುವವನಿಗೆ ಮನುಷ್ಯರ ಬೆಲೆ ಗೊತ್ತಿಲ್ಲ. ಇದು ಯಾರೂ ಕೇಳದೆಯೇ ನಾನು ಕೊಡುವ ಬುದ್ಧಿವಾದ. ಬುದ್ಧಿವಾದವೊಂದನ್ನು ಬಿಟ್ಟರೆ ಬೇರೇನನ್ನೂ ನಾನು ಧರ್ಮಕ್ಕೆ ಕೊಟ್ಟವನಲ್ಲ. ಬಂದರಿನಲ್ಲಿ ಮಂಜಿ ಹಡಗುಗಳಿಗೆ ಮೂಟೆ ಹೊತ್ತು, ಆಮೇಲೆ ಮೂಟೆ ಹೊರುವವರನ್ನು ಲೆಕ್ಕ ಮಾಡಿ, ಕೊನೆಗೆ ಕೊಬ್ಬರಿಯ ದಲ್ಲಾಳಿಯಾಗಿ ನಿಂತವನು ನಾನು. ನನ್ನ ಕೊಡೆ, ನನ್ನ ಗಡಿಯಾರ, ನಾನು ಕೂರುವ ಬೆತ್ತದ ಕುರ್ಚಿ, ಇವುಗಳಲ್ಲಿ ಯಾವುದನ್ನು ಮಾರಿದವನೂ ನಗುತ್ತಾ ಮನೆಗೆ ಹೋಗಲಿಲ್ಲ. ಇಂಥ ನಾನು ಸಾಬೂನಿನ ವ್ಯಾಪಾರದಲ್ಲಿ ಸೋತೆ. ಅದೂ ನಾನೇ ಮಾಡಿದ ಸಾಬೂನು.

ಕದ್ರಿಯ ಗುಡ್ಡದ ಇಳಿಜಾರಿನಲ್ಲಿ ನನ್ನದೊಂದು ಹಂಚಿನ ಮನೆ ಉಂಟು. ಅದರಲ್ಲಿ ನಾನೊಬ್ಬನೇ. ನಮ್ಮದು ಅಳಿಯಸಂತಾನದ ಕಟ್ಟು; ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಹೆಂಡತಿ ತೀರಿಕೊಂಡ ಮೇಲೆ ಮಕ್ಕಳ ಸೋದರಮಾವ ಗಾಡಿ ಕಟ್ಟಿಸಿಕೊಂಡು ಬಂದು ಅವರನ್ನು ಕರೆದುಕೊಂಡು ಹೋದರು. ಬಹಳ ಮರ್ಯಾದೆಯ ಮನುಷ್ಯ, ಅಂಗಳದಲ್ಲೇ ನಿಂತು ಮಾತಾಡಿದರು. ಅವರೊಡನೆ ಚೌಕಾಸಿ ಮಾಡಲು ನನ್ನ ಕೈಯಲ್ಲಿ ಎಂಥದ್ದೂ ಇರಲಿಲ್ಲ. ಮಕ್ಕಳು ಈಗಲೂ ಹಬ್ಬಕ್ಕೆ ಬಂದು ಕಾಲಿಗೆ ಬೀಳುತ್ತಾರೆ, ಊಟ ಮಾಡುತ್ತಾರೆ, ಸಂಜೆಯಾಗುವ ಮೊದಲು ‘ಹೋಗಿ ಬರ್ತೇವೆ’ ಎನ್ನುತ್ತಾರೆ. ಒಂಟಿ ಗಂಡಸಿನ ಅಡುಗೆಯ ಬಗ್ಗೆಯೂ ನನ್ನಲ್ಲಿ ಒಳ್ಳೆಯ ಬುದ್ಧಿವಾದಗಳಿವೆ, ಆದರೆ ಅವು ಇಲ್ಲಿಗೆ ಬೇಡ.

ಇಲ್ಲಿಗೆ ಬೇಕಾದವನು ಹಸನಬ್ಬ. ಬಂದರಿನ ಓಣಿಯಲ್ಲಿ ಅವನದು ಕಿರಾಣಿ ಅಂಗಡಿ. ಸೋಮವಾರ ಸಂಜೆ ನಾನು ಅಲ್ಲಿಗೆ ಹೋಗಿ ಬಟ್ಟೆಗೂ ಮೈಗೂ ಆಗುವ ಒಂದು ತುಂಡು ಸಾಬೂನು ತರುವುದು ವಾಡಿಕೆ. ಒಂದು ತುಂಡು ಸಾಬೂನಿಗೆ ಎಷ್ಟು ಹೊತ್ತು ಬೇಕು ಎಂದು ಕೇಳುವವರು ನಮ್ಮಿಬ್ಬರನ್ನು ನೋಡಿಲ್ಲ. ಅವನು ಕ್ರಯ ಹೇಳುತ್ತಾನೆ. ನಾನು ಸಾಬೂನನ್ನು ಮೂಸಿ, ಇದು ಕುದುರೆ ತೊಳೆಯಲಿಕ್ಕೋ ಎಂದು ಕೇಳುತ್ತೇನೆ. ಕುದುರೆಗಾದರೆ ಇಷ್ಟು ಒಳ್ಳೆಯದು ಕೊಡುತ್ತಿರಲಿಲ್ಲ ಎನ್ನುತ್ತಾನೆ ಅವನು. ಅಷ್ಟರಲ್ಲಿ ಪಕ್ಕದ ಹೋಟೆಲಿನಿಂದ ಚಹಾ ಬರುತ್ತದೆ. ಜಗಳ ಪೂರ್ತಿ ತುಳುವಿನಲ್ಲಿ. ಕನ್ನಡಕ್ಕೆ ತಂದರೆ ಅದರ ಖಾರ ಅರ್ಧ ಹೋಗುತ್ತದೆ. ಕೊನೆಗೆ ನಾನು ಎದ್ದು ಕೊಡೆ ಹಿಡಿದು ಬೆನ್ನು ಹಾಕಿ ನಡೆಯುತ್ತೇನೆ. ಅವನು ಹಿಂದಿನಿಂದ ಕರೆಯುತ್ತಾನೆ. ಇದಕ್ಕೊಂದು ನೇಮ ಉಂಟು: ಕರೆದ ಮೇಲೆ ಮಾರುವವನು ಏನಾದರೂ ಇಳಿಸಲೇಬೇಕು. ಇಳಿಸುವ ಮನಸ್ಸಿಲ್ಲದವನು ಕರೆಯಬಾರದು. ಹಸನಬ್ಬ ಯಾವಾಗಲೂ ಕರೆಯುತ್ತಿದ್ದ. ನಾನು ಓಣಿಯ ತಿರುವಿನ ದೀಪದ ಕಂಬ ದಾಟಿದ್ದೇ ಇಲ್ಲ.

ಯುದ್ಧ ಬಂದ ಮೇಲೆ ಸೀಮೆಎಣ್ಣೆ ಅಪರೂಪವಾಯಿತು, ಅಕ್ಕಿಗೆ ಸಾಲು ನಿಂತಿತು, ಸಾಬೂನಿನ ತುಂಡು ಬಿಸ್ಕತ್ತಿನಷ್ಟಾಗಿ ಅದರ ಕ್ರಯ ಮಾತ್ರ ಬೆಳೆಯಿತು. ಒಂದು ಸೋಮವಾರ ಹಸನಬ್ಬ ಹೇಳಿದ ಕ್ರಯಕ್ಕೆ ನಾನು ವಾಡಿಕೆಯಂತೆ ಎದ್ದೆ. ಕೊಡೆ ಹಿಡಿದೆ. ನಡೆದೆ. ಹಿಂದಿನಿಂದ ಸ್ವರವಿಲ್ಲ. ನಡಿಗೆ ನಿಧಾನ ಮಾಡಿದೆ. ಚಪ್ಪಲಿಗೆ ಕಲ್ಲು ಸಿಕ್ಕಿದೆಯೆಂದು ನಿಂತು ಇಲ್ಲದ ಕಲ್ಲನ್ನು ಕೊಡವಿದೆ. ದೀಪದ ಕಂಬ ಬಂತು. ಅದನ್ನೂ ದಾಟಿದೆ. ಆ ತಿರುವಿನಾಚೆ ಒಂದು ತೆಂಗಿನಮರವಿರುವುದು ನನಗೆ ಅಂದೇ ಗೊತ್ತಾದದ್ದು. ಅಷ್ಟು ದೂರ ಬಂದ ಮೇಲೆ ತಿರುಗಿ ಹೋದರೆ ಮಾನ ಹೋಗುತ್ತದೆ. ಹಾಗಾಗಿ ಸಾಬೂನೂ ಇಲ್ಲದೆ, ಮಾತೂ ಇಲ್ಲದೆ ಗುಡ್ಡ ಹತ್ತಿದೆ.

ಗುಡ್ಡ ಹತ್ತುವಾಗಲೇ ನಿಶ್ಚಯಿಸಿದೆ: ಸಾಬೂನನ್ನು ಮನೆಯಲ್ಲೇ ಮಾಡುವುದು. ಕೊಬ್ಬರಿ ದಲ್ಲಾಳಿಗೆ ಎಣ್ಣೆಗೇನು ಬರ? ಗಾಣದವರು ಎಸೆಯಲೂ ಆಗದೆ ಇಟ್ಟುಕೊಳ್ಳಲೂ ಆಗದೆ ಒದ್ದಾಡುವ ಡಬ್ಬಿಯಡಿಯ ಎಣ್ಣೆ ನನಗೆ ಸಲೀಸು. ಹಂಪನಕಟ್ಟೆಯ ಔಷಧಿ ಅಂಗಡಿಯ ಕಂಪೌಂಡರ್ ಕ್ಷಾರದ ಸೋಡಾ ಕೊಟ್ಟು, ಎಣ್ಣೆಗೆ ಇಷ್ಟು, ನೀರಿಗೆ ಇಷ್ಟು ಎಂದು ತೂಕ ಹೇಳಿದ. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕೆ ಹೊಯ್ಯಬಾರದು, ಮುಖ ದೂರವಿರಲಿ ಎಂದೂ ಎಚ್ಚರಿಸಿದ. ಎಲ್ಲ ಕೇಳಿದೆ. ಆದರೆ ಜೀವಮಾನವಿಡೀ ಯಾರು ಏನು ಹೇಳಿದರೂ ಅದರಿಂದ ಕಾಲುಭಾಗ ಕಳೆದು ಕೇಳಿಸಿಕೊಂಡ ಕಿವಿ ಇದು. ಅಂಗಡಿಯವನು ಇಷ್ಟು ಬೇಕು ಎಂದರೆ ಅಷ್ಟು ಬೇಡ ಎಂದೇ ಅರ್ಥ. ನಾನು ಸೋಡಾದ ತೂಕವನ್ನು ಕಂಪೌಂಡರನ ಬೆನ್ನ ಹಿಂದೆ ಚೌಕಾಸಿ ಮಾಡಿ ಇಳಿಸಿದೆ.

ಮಣ್ಣಿನ ಅಳಗೆಯಲ್ಲಿ ಸೋಡಾನೀರು ಒಲೆಯಿಲ್ಲದೆಯೇ ಕುದಿದು ಹೊಗೆಯಾಡಿದ್ದು ನೋಡಿ ಸ್ವಲ್ಪ ಹೆದರಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆರಿದ ಮೇಲೆ ಎಣ್ಣೆಗೆ ಹೊಯ್ದು ತೆಂಗಿನಗರಿಯ ಕೊತ್ತಳಿಗೆಯ ತುಂಡಿನಿಂದ ತಿರುವಿದೆ, ಭುಜ ಕಳಚುವವರೆಗೆ ತಿರುವಿದೆ. ಅಚ್ಚಿಗೆಂದು ದುಡ್ಡು ಹಾಕುವವನು ಮೂರ್ಖ. ನಾನು ತೆಂಗಿನಕಾಯಿಯ ಗೆರಟೆಗಳನ್ನು ಸಾಲಾಗಿ ಇಟ್ಟು ಎರೆದೆ. ದಿನ ಕಳೆದರೂ ಅದು ಗಟ್ಟಿಯಾಗಲಿಲ್ಲ. ಗೆರಟೆ ಬಗ್ಗಿಸಿದರೆ ಹುಳಿಮೊಸರಿನಂತೆ ತುಳುಕಿತು. ಮಾಡಿದ್ದನ್ನು ಚೆಲ್ಲುವ ಜಾತಿ ನನ್ನದಲ್ಲವಾದ್ದರಿಂದ ಅದರಲ್ಲೇ ಸ್ನಾನ ಮಾಡಿದೆ. ಆ ದಿನ ಕುರ್ಚಿಯಲ್ಲಿ ಕೂತರೆ ಜಾರಿ ಮುಂದೆ ಬರುತ್ತಿದ್ದೆ. ಬಂದರಿನ ಬೆಕ್ಕೊಂದು ನನ್ನನ್ನು ಮೀನಿನ ಬುಟ್ಟಿಗಿಂತ ಹೆಚ್ಚು ಪ್ರೀತಿಯಿಂದ ನೋಡಿತು.

ಎರಡನೆಯ ಸಲ ಸೋಡಾ ಕೊಳ್ಳುವಾಗ ಕಂಪೌಂಡರನಿಂದ ಕೊಸರು ಕೇಳಿದೆ. ಬದನೆಯಾಗಲಿ ಬೂತಾಯಿ ಮೀನಾಗಲಿ, ಅಳತೆಯ ಮೇಲೆ ಒಂದು ಹಿಡಿ ಹಾಕಿಸಿಕೊಳ್ಳದೆ ನಾನು ಬುಟ್ಟಿ ಎತ್ತುವವನಲ್ಲ. ‘ಇದಕ್ಕೆ ಕೊಸರು ಇಲ್ಲ ಮಾರಾಯ್ರೆ’ ಎಂದವನು ನನ್ನ ಕಾಟ ತಾಳದೆ ಒಂದು ಚಿಟಿಕೆ ಹೆಚ್ಚು ಹಾಕಿದ. ಇನ್ನೊಂದಕ್ಕೂ ಪೀಡಿಸಿದೆ. ಧರ್ಮಕ್ಕೆ ಸಿಕ್ಕಿದ್ದನ್ನು ಹೊರಗಿಡುವುದುಂಟೆ? ಅಷ್ಟನ್ನೂ ಅಳಗೆಗೆ ಹಾಕಿದೆ. ಈ ಸಾಬೂನು ಕಲ್ಲಿನಂತೆ ಗಟ್ಟಿಯಾಯಿತು. ಅಂಗಿಗೆ ಹಾಕಿದರೆ ಕೊಳೆ ಹೋಯಿತು, ಅದರ ಹಿಂದೆಯೇ ಅಂಗಿಯೂ ಹೋಯಿತು. ಕೈಯ ಚರ್ಮ ಹಲಸಿನ ಹಪ್ಪಳದಂತೆ ಎದ್ದಿತು. ಅದೇ ಕೈಯಲ್ಲಿ ಅನ್ನ ಕಲಸುವಾಗ, ಸಾರು ಹಾಕಿ ಕಲಸಿಕೊಡುವ ಇನ್ನೊಂದು ಕೈ ಈ ಮನೆಯಲ್ಲಿ ಇಲ್ಲ ಎಂಬುದು ಸಾರಿಗಿಂತ ಹೆಚ್ಚು ಉರಿಯಿತು.

ಮೂರನೆಯ ಸಲ ಹೇಳಿದಷ್ಟನ್ನೇ ಹಾಕಿದೆ. ಹಾಕುವಾಗ ಅವಮಾನವಾಯಿತು, ಆದರೂ ಹಾಕಿದೆ. ಕೆಲವು ವಾರ ಒಣಗಿದ ಮೇಲೆ ಗೆರಟೆಯಿಂದ ಬಿದ್ದದ್ದು ಬೆಳ್ಳಗೆ, ಗಟ್ಟಿಯಾಗಿ, ಅರ್ಧ ತೆಂಗಿನಕಾಯಿಯ ಆಕಾರದ ಒಳ್ಳೆಯ ಸಾಬೂನು. ನೊರೆಯೂ ಬಂತು. ಚಾವಡಿಯ ಅಂಚಿನ ದಳಿಯ ಮೇಲೆ ಇಟ್ಟು ನೋಡಿದೆ. ಯಾರಿಗೆ ತೋರಿಸುವುದು? ಇದೆಂತ ಸಾಬೂನು, ಕುದುರೆ ತೊಳೆಯಲಿಕ್ಕೋ ಎಂದು ಕೇಳುವವರಾದರೂ ಬೇಕಲ್ಲ. ಕೊನೆಗೆ ನಾನೇ ಕುರ್ಚಿಯಲ್ಲಿ ಕೂತು ಅದಕ್ಕೊಂದು ಕ್ರಯ ಹೇಳಿದೆ. ಆಮೇಲೆ ಎದುರಿನ ಮಣೆಯಲ್ಲಿ ಕೂತು ಅದನ್ನು ಇಳಿಸಿದೆ. ಪುನಃ ಕುರ್ಚಿಗೆ ಬಂದು, ಅಷ್ಟಕ್ಕೆ ಗಿಟ್ಟುವುದಿಲ್ಲ ಎಂದೆ. ಅಲ್ಲಿಗೆ ವ್ಯಾಪಾರ ನಿಂತಿತು. ಮಾರುವವನೂ ನಾನೇ, ಕೊಳ್ಳುವವನೂ ನಾನೇ ಆದರೆ ಎದ್ದು ಹೋಗುವವರು ಯಾರು? ಹಿಂದಿನಿಂದ ಕರೆಯುವವರು ಯಾರು? ಅದೂ ಒಂದು ಸೋಮವಾರವೇ ಆಗಿತ್ತು.

ಸಾಬೂನುಗಳನ್ನು ಚೀಲಕ್ಕೆ ತುಂಬಿ ಗುಡ್ಡ ಇಳಿದೆ. ಹಸನಬ್ಬನ ಅಂಗಡಿಯ ಹಲಗೆಯ ಮೇಲೆ ಒಂದನ್ನು ಇಟ್ಟೆ. ಬುಡ ಉರುಟಾದ್ದರಿಂದ ಅದು ಕೂರದೆ ತೂಗಾಡಿತು. ಅವನು ಅದರ ತೂಗಾಟ ನಿಲ್ಲುವವರೆಗೆ ನೋಡಿದ, ನನ್ನನ್ನು ನೋಡಲಿಲ್ಲ.

“ಇದೆಂತ ದೂಮಣ್ಣ? ಸಾಬೂನೋ, ಆಮೆಯೋ?”

“ಆ ದಿನ ಯಾಕೆ ಕರೆಯಲಿಲ್ಲ?” ಎಂದೆ. ಕೇಳಬೇಕೆಂದು ಬಂದದ್ದು ಸಾಬೂನಿನ ಕ್ರಯ. ಬಾಯಿಗೆ ಬಂದದ್ದು ಇದು.

ಹಸನಬ್ಬ ಸಾಬೂನನ್ನು ಬೆರಳಿನಿಂದ ಮತ್ತೊಮ್ಮೆ ತೂಗಿಸಿದ. “ಕರೆದರೆ ಇಳಿಸಬೇಕಲ್ಲ ಮಾರಾಯ್ರೆ. ಇಳಿಸಲಿಕ್ಕೆ ನನ್ನ ಹತ್ರ ಎಂತ ಇತ್ತು? ನನಗೆ ಬಿದ್ದ ಕ್ರಯವನ್ನೇ ನಿಮಗೆ ಹೇಳಿದ್ದು. ಬರಿಗೈಯಲ್ಲಿ ಕರೆಯುವುದು ಹೇಗೆ?” ಸಾಬೂನನ್ನು ಅಂಗೈಯಲ್ಲಿ ಹಿಡಿದು ನಿಲ್ಲಿಸಿ, “ಆ ದಿನ ತರಿಸಿದ ಚಹಾ ಎರಡನ್ನೂ ನಾನೇ ಕುಡಿದೆ” ಎಂದ.

ಆಮೇಲೆ ಅವನು ನನ್ನ ಸಾಬೂನಿಗೆ ಕ್ರಯ ಕೇಳಿದ. ನಾನು ಹೇಳಿದೆ. ಇದು ಎಮ್ಮೆಗೂ ಆಗದು ಎಂದ. ಎಮ್ಮೆಗಾದರೆ ಇಷ್ಟು ಒಳ್ಳೆಯದು ಮಾಡುತ್ತಿರಲಿಲ್ಲ ಎಂದೆ. ಚಹಾ ಬಂತು. ಮಾತು ಏರಿತು. ಕೊನೆಗೆ ಹಸನಬ್ಬ ಎದ್ದ. ಗಂಟುನೋವಿನ ಮನುಷ್ಯ, ಹಲಗೆ ಹಿಡಿದು ಮೆಟ್ಟಿಲಿಳಿದು, ತನ್ನದೇ ಅಂಗಡಿಯನ್ನು ನನ್ನ ಮೇಲೆ ಬಿಟ್ಟು, ಬೆನ್ನು ಹಾಕಿ ಓಣಿಯಲ್ಲಿ ನಡೆದ. ಕುಂಟುತ್ತಿದ್ದರೂ ತಿರುಗಿ ನೋಡಲಿಲ್ಲ, ವ್ಯಾಪಾರ ಗೊತ್ತಿರುವವನು. ದೀಪದ ಕಂಬ ಹತ್ತಿರವಾಗುತ್ತಿತ್ತು. ಅದರಾಚೆ ಏನಿದೆ ಎಂದು ನಾನು ಕಂಡವನು.

“ಹಸನಬ್ಬ, ಬನ್ನಿ ಮಾರಾಯ್ರೆ” ಎಂದು ಕರೆದೆ. ಕರೆದ ಮೇಲೆ ಇಳಿಸಲೇಬೇಕಲ್ಲ, ಇಳಿಸಿದೆ. ಎಣ್ಣೆ ಸೋಡಾಗಳ ಖರ್ಚೂ ಹುಟ್ಟದಷ್ಟು ಇಳಿಸಿದೆ. ಅದರ ಮೇಲೆ ಅವನು ಕೊಸರು ಕೇಳಿದ. ಅದನ್ನೂ ಕೊಟ್ಟೆ.

ಈಗ ಓದುವವರಿಗೆ ನನ್ನ ಬುದ್ಧಿವಾದ: ಸಾಬೂನನ್ನು ಮನೆಯಲ್ಲಿ ಮಾಡಬೇಡಿ. ಎಣ್ಣೆ ದಂಡ, ಅಂಗಿ ದಂಡ, ಕೈಯ ಚರ್ಮ ದಂಡ. ಅಂಗಡಿಯದ್ದೇ ಅಗ್ಗ. ನಾನು ಮಾತ್ರ ಸೋಮವಾರ ತಪ್ಪದೆ ಚೀಲ ಹೊತ್ತು ಗುಡ್ಡ ಇಳಿಯುತ್ತೇನೆ, ನಷ್ಟಕ್ಕೆ ಮಾರಿ ಹತ್ತುತ್ತೇನೆ. ಹಸನಬ್ಬ ಕೊಂಡ ಅರ್ಧ ತೆಂಗಿನಕಾಯಿಗಳು ಅವನ ಮೇಲಿನ ಹಲಗೆಯಲ್ಲಿ ಸಾಲಾಗಿ ಕೂತಿವೆ. ಒಂದಾದರೂ ಮಾರಿದ ಹಾಗೆ ಕಾಣುವುದಿಲ್ಲ. ಅಷ್ಟನ್ನು ಯಾಕೆ ಕೊಳ್ಳುತ್ತೀರಿ ಎಂದು ಕೇಳಲು ಬಾಯಿಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ. ಗಿರಾಕಿಯ ಹತ್ತಿರ ಅಂಥ ಪ್ರಶ್ನೆ ಕೇಳುವವನು ವ್ಯಾಪಾರಿಯಲ್ಲ. ಇನ್ನು ನನ್ನ ಬಚ್ಚಲಲ್ಲಿರುವ ಸಾಬೂನು ಹಸನಬ್ಬನ ಅಂಗಡಿಯದ್ದು, ಹೇಳಿದ ಕ್ರಯವನ್ನು ತುಟಿ ಬಿಚ್ಚದೆ ಕೊಟ್ಟು ತಂದದ್ದು. ಇದನ್ನು ಬಂದರಿನಲ್ಲಿ ಯಾರಿಗೂ ಹೇಳಬೇಡಿ. ನನ್ನ ಹೆಸರು ಕೆಡುತ್ತದೆ.