ಇನ್ನೊಂದು ಏಪ್ರಿಲ್ ಆಗಲಿ

ಪಿಂಚಣಿ ಅಂದರೆ ಕಾಲು ಚಾಚಿ ಕೂತವರಿಗೆ ತಾನಾಗಿ ಬರುವ ದುಡ್ಡು ಅಂತ ನಾನೂ ಒಂದು ಕಾಲದಲ್ಲಿ ನಂಬಿದ್ದೆ. ನಮಗೆ ಬರುತ್ತಿದ್ದದ್ದು ಬ್ರಿಟನ್ ಸರ್ಕಾರದ ಪಿಂಚಣಿ, ನಾವಿದ್ದದ್ದು ಟೆಕ್ಸಾಸಿನಲ್ಲಿ, ನಾನು ಹೋಗಬೇಕು ಅಂತಿದ್ದದ್ದು ಮೈಸೂರಿಗೆ. ಒಂದು ಪಿಂಚಣಿಗೆ ಮೂರು ದೇಶ ಜೋತುಬಿದ್ದ ಮೇಲೆ ಏನಾದರೊಂದು ಆಗುತ್ತಲೇ ಇರುತ್ತದೆ. ಕೇಳಿದವರೆಲ್ಲ ನಗುತ್ತಾರೆ, ನನಗಂತೂ ಸಾಕುಸಾಕಾಗಿ ಹೋಗಿತ್ತು.

ಗಂಟು ಎಲ್ಲಿದೆ

ವಿಷಯ ಇಷ್ಟೇ. ನಮ್ಮಾಕೆ ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು, ನಾನು ಅಲ್ಲಿಯ ಬಸ್ ಡಿಪೋದಲ್ಲಿ ಗುಮಾಸ್ತ. ಇಬ್ಬರಿಗೂ ಬೇರೆ ಬೇರೆ ಪಿಂಚಣಿ. ರಿಟೈರ್ ಆದ ಮೇಲೆ ಮೊಮ್ಮಗಳನ್ನು ನೋಡಿಕೊಳ್ಳೋಕೆ ಅಂತ ಟೆಕ್ಸಾಸಿನ ರೌಂಡ್ ರಾಕ್ ಅನ್ನೋ ಊರಿನಲ್ಲಿದ್ದ ಮಗಳ ಮನೆಗೆ ಬಂದು ಸೇರಿದೆವು.

ಆ ಪಿಂಚಣಿಯನ್ನು ಪ್ರತಿ ಏಪ್ರಿಲ್‌ನಲ್ಲಿ ಒಂದಿಷ್ಟು ಏರಿಸುತ್ತಾರೆ. ಅಮೆರಿಕದಲ್ಲಿ ಇರುವವರಿಗೆ ಏರುತ್ತದೆ. ಇಂಡಿಯಾದಲ್ಲಿ ಹೋಗಿ ನೆಲೆಸಿದರೆ ಹೋದ ದಿನ ಎಷ್ಟಿತ್ತೋ ಸಾಯುವ ತನಕ ಅಷ್ಟೇ. ಯಾಕೆ ಅಂತ ಕೇಳಬೇಡಿ, ನಾನು ಕೇಳಿ ಕೇಳಿ ಬಿಟ್ಟಿದ್ದೇನೆ.

ನನಗೆ ಮೈಸೂರೇ ಬೇಕಿತ್ತು. ರೌಂಡ್ ರಾಕಿನಲ್ಲಿ ಕಾರು ಓಡಿಸೋಕೆ ಬಾರದ ಮುದುಕ ಪಾರ್ಸೆಲ್ ಇದ್ದ ಹಾಗೆ, ಯಾರಾದರೂ ಎತ್ತಿಕೊಂಡು ಹೋಗಬೇಕು, ಎತ್ತಿಕೊಂಡು ಬರಬೇಕು. ಬೆಳಿಗ್ಗೆ ಎದ್ದು ನನ್ನ ಕಾಲ ಮೇಲೆ ನಾನು ನಡೆದು ಹೋಗಿ, ಒಂದು ದೋಸೆ ತಿಂದು, ಗುರುತಿಲ್ಲದವರ ಜೊತೆ ರಾಜಕೀಯ ಜಗಳ ಆಡಿ ಬರಬೇಕು ಅನ್ನೋದೊಂದೇ ಆಸೆ. ಕೇಳಿದಾಗಲೆಲ್ಲ ಇವಳದ್ದು ಒಂದೇ ಮಾತು.

"ಇನ್ನೊಂದು ಏಪ್ರಿಲ್ ಆಗಲಿ ರೀ. ಏರಿದ ಮೇಲೆ ಹೋದರೆ ಏರಿದ್ದಾದರೂ ಕೈಗೆ ಸಿಗುತ್ತೆ."

ಸರಿ ಅಂದೆ. ಏಪ್ರಿಲ್ ಬಂತು, ಏರಿತು. "ಇನ್ನೊಂದು ಆಗಲಿ" ಅಂದಳು. ಏಪ್ರಿಲ್ ಅನ್ನೋದು ಪ್ರತಿ ವರ್ಷವೂ ಬರುತ್ತದೆ ಅಂತ ನನ್ನ ತಲೆಗೆ ಹೋಗುವಷ್ಟರಲ್ಲಿ ಮೊಮ್ಮಗಳು ಮೂರನೇ ಕ್ಲಾಸಿಗೆ ಬಂದಿದ್ದಳು.

ಹುಬ್ಬಳ್ಳಿ ಹುಡುಗ

ಒಂದು ಯುಗಾದಿಗೆ ಡಲ್ಲಾಸ್ ಕಡೆ ಕನ್ನಡದವರ ಊಟ ಇತ್ತು. ಅಲ್ಲೇ ಪಕ್ಕದ ರಿಚರ್ಡ್‌ಸನ್‌ನ ಯೂನಿವರ್ಸಿಟಿಯಲ್ಲಿ ಓದುವ ಹುಡುಗರೆಲ್ಲ ಬಂದಿದ್ದರು. ಒಬ್ಬಟ್ಟು ಕಂಡು ಕಣ್ಣಲ್ಲಿ ನೀರು ಹಾಕಿಕೊಂಡಿದ್ದ ಹುಬ್ಬಳ್ಳಿ ಹುಡುಗನೊಬ್ಬ ನನ್ನ ಪಕ್ಕ ಕೂತ. "ಅಂಕಲ್, ವಯಸ್ಸಾದ ಮ್ಯಾಲೆ ಊರಾಗ ಇರೂದು ಬಿಟ್ಟು ಇಲ್ಯಾಕ ಅದೀರಿ?" ಅಂದ.

ಮತ್ತೆ ಶುರು ಮಾಡಿದೆ. ಇಲ್ಲಿದ್ದರೆ ಏರುತ್ತೆ, ಅಲ್ಲಿದ್ದರೆ ಏರಲ್ಲ. ಕೆನಡಾದಲ್ಲೂ ಏರಲ್ಲ, ಆಸ್ಟ್ರೇಲಿಯಾದಲ್ಲೂ ಏರಲ್ಲ. ದುಡಿಮೆ ಒಂದೇ, ಕಟ್ಟಿದ ಕಂತು ಒಂದೇ. ಹುಡುಗ ತಿನ್ನೋದು ನಿಲ್ಲಿಸಿ ಕೇಳಿದ. ಇಷ್ಟು ವರ್ಷದಲ್ಲಿ ಪೂರ್ತಿ ಕೇಳಿದವನು ಅವನೊಬ್ಬನೇ. ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ನನ್ನ ಎಲೆಯಲ್ಲಿದ್ದ ಒಬ್ಬಟ್ಟನ್ನೂ ಅವನಿಗೇ ಹಾಕಿಬಿಟ್ಟೆ.

"ಅಂದ್ರ ಅಂಕಲ್, ನೀವು ಇಲ್ಲೇ ಇರಬೇಕು, ಆದ್ರ ನಿಮಗ ಊರಿಗೆ ಹೋಗೂ ಆಸೆ."

"ಹೌದಪ್ಪ."

"ನನಗೂ ಊರಿಗೆ ಹೋಗೂ ಆಸೆ ಐತ್ರಿ. ಒಂದ್ ಕೆಲಸ ಮಾಡೂಣು. ನನ್ನ ಬದ್ಲಿ ನೀವು ಇಲ್ಲಿ ಪರೀಕ್ಷಾ ಬರೀರಿ, ನಿಮ್ಮ ಬದ್ಲಿ ನಾ ಮೈಸೂರಿಗೆ ಹೋಗ್ತೀನಿ."

ಅಳಿಯನ ಲೆಕ್ಕ

ನಮ್ಮ ಅಳಿಯ ಕಂಪ್ಯೂಟರ್ ಕಂಪನಿಯಲ್ಲಿ ಇಂಜಿನಿಯರ್. ಒಳ್ಳೆಯ ಹುಡುಗ, ಆದರೆ ಮನೆಯಲ್ಲಿ ಇಬ್ಬರು ಜಗಳ ಆಡಿದರೂ ಅದನ್ನು ಕಂಪ್ಯೂಟರಿಗೆ ಹಾಕಿ ನೋಡಬೇಕು ಅನ್ನುವವನು. ಒಂದು ಶನಿವಾರ ನಮ್ಮಿಬ್ಬರ ಪಿಂಚಣಿ, ಮೈಸೂರಿನ ಬಾಡಿಗೆ, ಹಾಲಿನ ದರ, ಎಲ್ಲಾ ಫೀಡ್ ಮಾಡಿದ. ಯಾವ ವರ್ಷ ಹೊರಟರೆ ಲಾಭ ಅಂತ ಅದೇ ಹೇಳುತ್ತೆ ಅಂದ. ಇವಳು ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಕೂತಳು. ನಾನು ಮನಸ್ಸಿನಲ್ಲೇ ಅಟ್ಟದ ಮೇಲಿನ ಸೂಟ್‌ಕೇಸ್ ಕೆಳಗಿಳಿಸಿದೆ.

ಅಳಿಯ ಪರದೆ ನೋಡಿ ಗಂಟಲು ಸರಿ ಮಾಡಿಕೊಂಡ. "ಮಾವ, ಲೆಕ್ಕದ ಪ್ರಕಾರ ನೀವು ಹೊರಡೋಕೆ ಬೆಸ್ಟ್ ಟೈಮ್ ಅಂದ್ರೆ... ನಿಮಗೆ ತೊಂಬತ್ತೆಂಟು ಆದಾಗ."

"ಆಗ ನನ್ನನ್ನ ಎತ್ತಿಕೊಂಡು ಹೋಗೋರು ಯಾರಯ್ಯ?"

"ಅದಕ್ಕೆ ಕಾಲಮ್ ಹಾಕಿಲ್ಲ ಮಾವ."

ಸೇತುವೆ

ಹ್ಯೂಸ್ಟನ್ನಿನ ಸ್ನೇಹಿತರು, ಗಂಡ ಹೆಂಡತಿ, ನಮ್ಮನ್ನು ಮೆಕ್ಸಿಕೋ ಗಡಿಯ ಊರಿಗೆ ಕರೆದುಕೊಂಡು ಹೋಗಿದ್ದರು. ಸೇತುವೆ ಮೇಲೆ ನಡೆದರೆ ಆಚೆ ಕಡೆ ಮೆಕ್ಸಿಕೋ. ಕನ್ನಡಕ, ಔಷಧಿ, ಮಣ್ಣಿನ ಕುಂಡ ಎಲ್ಲ ಅಲ್ಲಿ ಅಗ್ಗ ಅಂತ ಜನ ಹೋಗಿ ಬರುತ್ತಿದ್ದರು. ಸೇತುವೆ ಹತ್ತಿರ ಇವಳು ಗಕ್ಕನೆ ನಿಂತಳು.

"ರೀ, ಮೆಕ್ಸಿಕೋ ಏರೋ ದೇಶವಾ, ಏರದೇ ಇರೋ ದೇಶವಾ?"

"ಏರದೇ ಇರೋದು. ಆದರೆ ನಾವೇನು ಅಲ್ಲಿ ಮನೆ ಮಾಡ್ತೀವಾ? ಒಂದು ಗಂಟೆ ಹೋಗಿ ಬರೋಕೆ ಏನೂ ಆಗಲ್ಲ."

"ನನಗೆ ಬೇಡಪ್ಪ ಆ ಉಸಾಬರಿ," ಅಂದವಳೇ ಚಕ್ಕುಲಿ ಡಬ್ಬಿ ತೊಡೆ ಮೇಲಿಟ್ಟುಕೊಂಡು ಟೆಕ್ಸಾಸ್ ಕಡೆಯ ಬೆಂಚಿನಲ್ಲಿ ಕೂತುಬಿಟ್ಟಳು. ಸುಡುವ ಬಿಸಿಲು. ಸ್ನೇಹಿತರು ಬೇಡಿಕೊಂಡರು, ಅಲುಗಾಡಲಿಲ್ಲ. ನಾವು ಮೂವರು ಹೋಗಿ, ಕುಂಡ ಹೊತ್ತು, ಬೆವರು ಸುರಿಸಿಕೊಂಡು ವಾಪಸ್ ಬಂದೆವು.

"ನಾನು ಮಾತ್ರ ಹೋಗಬಹುದಾ? ನನ್ನ ಪಿಂಚಣಿ ಪಿಂಚಣಿ ಅಲ್ವಾ?" ಅಂತ ಸಿಟ್ಟಿನಿಂದ ಕೇಳಿದೆ.

"ಅದಕ್ಕೇ ಕೂತಿದ್ದು. ಮನೇಲಿ ಒಬ್ಬರದ್ದಾದರೂ ಏರಬೇಕಲ್ಲ."

ಎಪ್ಪತ್ತೈದು ಪೆನ್ಸ್

ಎರಡು ಸಾವಿರದ ಇಸವಿಯ ಏಪ್ರಿಲ್ ಬಂತು. ಅಷ್ಟು ಹೊತ್ತಿಗೆ ನಾನು ಮೈಸೂರಿನ ಮಾತು ಆಡೋದನ್ನೇ ಬಿಟ್ಟಿದ್ದೆ. ಆಡಿ ಏನಾಗಬೇಕಿತ್ತು? ಅಡುಗೆಮನೆ ಮೇಜಿನ ಹತ್ತಿರ ನಿಂತು ಇವಳು ಪಿಂಚಣಿ ಆಫೀಸಿನ ಕಾಗದ ಓದಿದಳು. ಇನ್ನೊಮ್ಮೆ ಓದಿದಳು. ಮಗಳನ್ನು ಕರೆದಳು. "ಚುಕ್ಕಿ ಎಲ್ಲಿದೆ ನೋಡೇ, ನನಗೆ ಸರಿಯಾಗಿ ಕಾಣ್ತಿಲ್ಲ."

"ಸರಿಯಾಗೇ ಇದೆ ಅಮ್ಮ. ವಾರಕ್ಕೆ ಎಪ್ಪತ್ತೈದು ಪೆನ್ಸ್ ಜಾಸ್ತಿ ಆಗಿದೆ."

ಒಂದು ಪೌಂಡು ಕೂಡ ಅಲ್ಲ, ಮುಕ್ಕಾಲು. ಆ ವರ್ಷ ಬೆಲೆ ಜಾಸ್ತಿ ಏರಲಿಲ್ಲವಂತೆ, ಅದಕ್ಕೆ ಅಷ್ಟೇ ಅಂತೆ.

ಇವಳು ಕುರ್ಚಿಯಲ್ಲಿ ಕುಸಿದು ಕೂತಳು. ನಾನು ನಗಬೇಕಿತ್ತು, ನಗು ಬರಲಿಲ್ಲ. ಅವಳ ಕಣ್ಣು ತುಂಬಿತ್ತು. "ನೈಟ್ ಡ್ಯೂಟಿ ಮಾಡಿ ಮಾಡಿ ಮಂಡಿ ಸವೆಸಿಕೊಂಡೆ," ಅಂದಳು. "ಇದಕ್ಕೋಸ್ಕರ ನಾನು ನಿಮ್ಮನ್ನ ಇಲ್ಲಿ ಕೂಡಿಹಾಕಿದ್ನಾ ರೀ?" ಹೋಗಲಿ ಬಿಡು, ಇನ್ನೊಂದು ಏಪ್ರಿಲ್ ನೋಡೋಣ ಅಂತ ನಾನೇ ಬಾಯಿ ಬಿಟ್ಟೆ, ನೋಡಿ!

"ಏಪ್ರಿಲ್ಲೂ ಬೇಡ, ಅದರಪ್ಪನೂ ಬೇಡ. ಟಿಕೆಟ್ ಮಾಡಿಸಿ," ಅಂದಳು.

ಎದ್ದವಳೇ ಫೋನ್ ತಗೊಂಡು ನಂಬರ್ ಒತ್ತಿದಳು. ಸ್ಪೀಕರ್ ಹಾಕಿದ್ದರಿಂದ ನಮಗೆಲ್ಲ ಕೇಳುತ್ತಿತ್ತು. ಆ ಕಡೆ ಪಿಂಚಣಿ ಆಫೀಸಿನ ಹುಡುಗ, ಬಹಳ ಮರ್ಯಾದಸ್ಥ. ನಾವಿಬ್ಬರೂ ಇಂಡಿಯಾಕ್ಕೆ ಹೋಗಿ ನೆಲೆಸುತ್ತೇವೆ, ವಿಳಾಸ ಬದಲಾಯಿಸಿಕೊಳ್ಳಿ ಅಂದಳು. ಅವನು ಬರೆದುಕೊಂಡ. ಆಮೇಲೆ ನಿಧಾನವಾಗಿ, ನೋವಾಗದ ಹಾಗೆ ಹೇಳಿದ.

"ಮೇಡಂ, ಒಂದು ಮಾತು ನಿಮಗೆ ತಿಳಿಸಲೇಬೇಕು. ಅಲ್ಲಿಗೆ ಹೋದಿರಿ ಅಂದರೆ ಮುಂದಿನ ವರ್ಷದಿಂದ ನಿಮಗೆ ಈ ಏರಿಕೆ ಸಿಗೋದಿಲ್ಲ."

"ಗೊತ್ತಪ್ಪ. ಅದನ್ನ ನೀನೇ ಇಟ್ಕೋ. ನನ್ನ ಲೆಕ್ಕದಲ್ಲಿ ವಾರಕ್ಕೊಂದು ಸಲ ಟೀ ಕುಡಿ."

ಹುಡುಗನಿಗೆ ಬೇಜಾರಾಯಿತೇನೋ ಅಂತ ನಾನು ಇವಳಿಗೆ ಕಣ್ಣು ಬಿಟ್ಟೆ. ಆಮೇಲೆ ಅವನು ದನಿ ತಗ್ಗಿಸಿ, ಪಕ್ಕದವರಿಗೆ ಕೇಳಿಸಬಾರದು ಅನ್ನುವ ಹಾಗೆ ಹೇಳಿದ.

"ತುಂಬಾ ಥ್ಯಾಂಕ್ಸ್ ಮೇಡಂ. ಆದರೆ ಇಲ್ಲಿ ಅಷ್ಟಕ್ಕೆ ಟೀ ಬರಲ್ಲ. ನಾನೇ ಸ್ವಲ್ಪ ಕೈಯಿಂದ ಹಾಕಬೇಕಾಗುತ್ತೆ."