ಬಾಳೇಶನ ಕಂಪ್ಯೂಟರ್ ಊಟಕ್ಕೆ ಕರೆಯಿತು

"ಇವತ್ತಿನಿಂದ ಈ ಕಂಪ್ಯೂಟರ್ ಮುಂದ ಐದು ನಿಮಿಷದ ಮ್ಯಾಲ ಕೂತ್ರ ನಾ ಬಾಳೇಶನ ಅಲ್ಲ!" ಎಂದು ದಾಂಡೇಲಿಯ ಬಾಳೇಶ ಹೆಂಡತಿಯ ಮುಂದೆ ಭೀಷ್ಮಪ್ರತಿಜ್ಞೆ ಮಾಡಿದ.

ಶೈಲಶ್ರೀ ನಂಬಲಿಲ್ಲ. "ಇನ್ನೊಂದು ಐತವಾರ ಇದರಾಗ ಹಾಳಾತಂದ್ರ, ಹಳಿಯಾಳದ ನನ್ನ ತಮ್ಮಗ ಕೊಟ್ಟು ಕಳಸ್ತೇನಿ, ನೋಡ್ರಿ!"

ಅವಳು ಆಡಿದ್ದನ್ನು ಮಾಡುವವಳು.

ಎರಡು ಸಾವಿರದ ನಾಲ್ಕರ ಮಾತಿದು. ಆಹಾ, ಏನು ಕಾಲ ಅದು! ಫೋನಿನ ತಂತಿ ಕಿರ್ರ್ ಗುರ್ರ್ ಎಂದು ಮನಸೋ ಇಚ್ಛೆ ಅರಚಿದ ಮೇಲೆ ಇಂಟರ್ನೆಟ್ಟು ದರ್ಶನ ಕೊಡುತ್ತಿತ್ತು; ಒಳಗೆ ಯಾರಾದರೂ ರಿಸೀವರ್ ಎತ್ತಿದರೋ, ಮಾಯ! ಕಾಗದ ಕಾರ್ಖಾನೆಯ ಹಳೇ-ಹೊಸ ನೌಕರರು ಸೇರಿ ಒಂದು ಚರ್ಚಾ ವೇದಿಕೆ ಮಾಡಿಕೊಂಡಿದ್ದರು. ಹಳಿಯಾಳ, ಮುಂಡಗೋಡ, ಗಣೇಶಗುಡಿಗೆ ಚದುರಿಹೋದವರೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುತ್ತ ಅಲ್ಲಿ ಹರಟುತ್ತಿದ್ದರು. ಒಬ್ಬರಿಗಾದರೂ ಉತ್ತರ ಬರೆಯದೆ ಬಿಟ್ಟರೆ ಬಾಳೇಶನಿಗೆ ಅನ್ನ ಸೇರುತ್ತಿರಲಿಲ್ಲ.

ಆ ವೇದಿಕೆ ಹೊರಗಿನ ಪ್ರೋಗ್ರಾಂಗಳಿಗೂ ಬಾಗಿಲು ತೆರೆದಿಟ್ಟಿತ್ತು. ಆ ಬಾಗಿಲಿಗೆ ಎಪಿಐ ಅಂತ ಹೆಸರು. ಅಲ್ಲಿಂದ ನುಗ್ಗಿ ಓದಿ ಬರೆಯುವ ಓಪನ್ ಸೋರ್ಸ್ ಪ್ರೋಗ್ರಾಂ ಒಂದು ಬಾಳೇಶನಿಗೆ ಪುಕ್ಕಟೆ ಸಿಕ್ಕಿತು. ಅದರ ಕೋಡನ್ನು ಯಾರು ಬೇಕಾದರೂ ತಿದ್ದಬಹುದು. ಬಾಳೇಶನೂ ತಿದ್ದಿದ! ಯಾರು ಏನೇ ಬರೆಯಲಿ, ತನ್ನ ಹೆಸರಿನಲ್ಲಿ ತಾನಾಗಿ ಉತ್ತರ ಹೋಗುವಂತೆ ಮಾಡಿದ: "ಓದಿ ಬಾಳ ಸಂತೋಷ ಆತು. ಮನೀಗೆ ಊಟಕ್ಕ ಬರ್ರಿ."

ನಮ್ಮ ಕಡೆ 'ಊಟಕ್ಕ ಬರ್ರಿ' ಎನ್ನದೆ ಮಾತು ಮುಗಿಸುವ ಪದ್ಧತಿಯೇ ಇಲ್ಲ. ಹೇಳುವವನು ನಿಜವಾಗಿ ಕರೆಯುವುದಿಲ್ಲ, ಕೇಳುವವನು ನಿಜವಾಗಿ ಬರುವುದಿಲ್ಲ. ಆದರೆ ಬರವಣಿಗೆಯಲ್ಲಿ ಅದು ಒಣಒಣ ಕಂಡಿತು. ಬಾಳೇಶ ಧಾರಾಳವಾಗಿ 'ಈ ಐತವಾರ' ಎಂದು ಸೇರಿಸಿ, ಮನೆ ವಿಳಾಸವನ್ನೂ ಹಾಕಿ, ಮೀಸೆ ತಿರುವಿದ.

ಐತವಾರ ಶೈಲಶ್ರೀ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಳು. ಯಾರೋ ಬಾಗಿಲು ಬಡಿದರು. ಕಾರ್ಖಾನೆಯಿಂದ ನಿವೃತ್ತರಾಗಿ ಹಳಿಯಾಳ ಸೇರಿದ್ದ ಉಳವಪ್ಪ, ಹೆಂಡತಿ ನೀಲಕ್ಕನ ಸಮೇತ!

"ಏನ್ ಬಾಳೇಶಾ, ಎಷ್ಟು ಪ್ರೀತೀಲೆ ಕರದೀ ಮಾರಾಯಾ!"

ಅವರ ಹಿಂದೆಯೇ ಗಣೇಶಗುಡಿಯಿಂದ ಒಂದು ಜೀಪು ತುಂಬ ಹಳೇ ಗೆಳೆಯರು. ಕೊನೆಗೆ ಮುಂಡಗೋಡ ಹತ್ತಿರದ ಇಂದೂರಿನಿಂದ ಬಸ್ಸಿನಲ್ಲಿ ಬಂದ ಶಂಕ್ರಪ್ಪ, ಕಣ್ಣು ಕೆಂಪಗೆ ಮಾಡಿಕೊಂಡು!

"ನನ್ನ ಬೈಕ್ ಕಳುವಾಗೈತಿ ಅಂತ ಬರದ್ರ, ಓದಿ ಬಾಳ ಸಂತೋಷ ಆತು ಅಂತೀರೇನ್ರಿ?"

"ಅದು ನಾ ಅಲ್ರೀ... ಪ್ರೋಗ್ರಾಂ..."

"ಊಟಕ್ಕ ಕರದದ್ದು?"

"ಅದೂ ಪ್ರೋಗ್ರಾಂ..."

"ಹಂಗಾರ ಅಡಗಿ ಯಾರ್ ಮಾಡ್ಯಾರ್ರಿ?"

ಎಲ್ಲರೂ ಅಡಿಗೆಮನೆ ಕಡೆ ನೋಡಿದರು. ಬಾಳೇಶ ಹೆಂಡತಿ ಕಡೆ ನೋಡಿದ.

ಶೈಲಶ್ರೀ ಗಂಡನನ್ನು ಒಮ್ಮೆ ದುರುಗುಟ್ಟಿ ನೋಡಿ, ಎಣ್ಣೆತಲೆಗೆ ಸೆರಗು ಹೊದ್ದು ಒಲೆ ಹಚ್ಚಿದಳು. ನೀಲಕ್ಕ ರೊಟ್ಟಿ ಬಡಿಯಲು ಕೂತಳು. ಬಾಳೇಶನ ಪಾಲಿಗೆ ಉಳ್ಳಾಗಡ್ಡಿ ಹೆಚ್ಚುವ ಕೆಲಸ ಬಂತು. ಅವನು ಅತ್ತದ್ದು ಉಳ್ಳಾಗಡ್ಡಿಗೋ ಕಂಪ್ಯೂಟರಿಗೋ ದೇವರೇ ಬಲ್ಲ. ಅಂಗಳದ ತುಂಬ ಪಂಕ್ತಿ ಕೂತಿತು. ರಾತ್ರಿಪಾಳಿಯ ಹಳೇ ಕಥೆಗಳು, ಹೊಟ್ಟೆ ಹಿಡಿದುಕೊಂಡು ನಗು! ಸಿಟ್ಟಿನ ಶಂಕ್ರಪ್ಪನೂ ಕಡಲೆಹಿಟ್ಟಿನ ಝುಣಕ ಮತ್ತೆ ಮತ್ತೆ ಹಾಕಿಸಿಕೊಂಡ. ಪರದೆಯ ಮೇಲೆ ಬರೀ ಅಕ್ಷರವಾಗಿದ್ದವರು ಎದುರಿಗೆ ಕೂತು ಉಣ್ಣುವುದನ್ನು ಕಂಡು ಬಾಳೇಶ ತಾನೇ ಎದ್ದು ಎಲ್ಲರಿಗೂ ರೊಟ್ಟಿ ಬಡಿಸಿದ. ಅಂಥ ಐತವಾರ ಆಮೇಲೆ ಬರಲೇ ಇಲ್ಲವೆಂದು ಇಂದಿಗೂ ಹಲುಬುತ್ತಾನೆ.

ಎಲ್ಲರೂ ಹೋದ ಮೇಲೆ ಅವನೇ ಕಂಪ್ಯೂಟರಿನ ವೈರು ಕೀಳತೊಡಗಿದ. "ನಿನ್ನ ತಮ್ಮಗ ಫೋನ್ ಮಾಡು, ಬಂದು ಒಯ್ಯಲಿ" ಎಂದ, ಸಣ್ಣ ದನಿಯಲ್ಲಿ.

"ಯಾಕ? ನೀಲಕ್ಕಾರು ನನಗೂ ವೇದಿಕೀಗೆ ಬಾ ಅಂದಾರ. ಕಂಪ್ಯೂಟರ್ ಎಲ್ಲೂ ಹೋಗೂದಿಲ್ಲ" ಎಂದಳು ಶೈಲಶ್ರೀ. "ನೀವಷ್ಟ ಕುರ್ಚಿ ಬಿಟ್ಟು ಏಳ್ರಿ. ತೊಳ್ಯಾಕ ಬಾಂಡೆ ಬಾಳ ಬಿದ್ದಾವ!"