ಹಿರಿಯರು ಏಳುವ ತನಕ

ಒಂಟಿಯಾಗಿರುವವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ‘ವಿಪರೀತ ಕೆಲಸ’ ಎನ್ನುತ್ತಾರೆ. ನಾನೂ ಎರಡು ವರ್ಷದಿಂದ ಹಾಗೆಯೇ ಹೇಳಿಕೊಂಡು ಬಂದಿದ್ದೇನೆ. ನಮ್ಮವರಿಗೆ ಕೆಲಸ ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ, ನನಗೆ ಮಿಷಿಗನ್‌ನ ಸೌತ್‌ಫೀಲ್ಡ್‌ನಲ್ಲಿ. ಹದಿನೈದು ದಿನಕ್ಕೊಮ್ಮೆ ಡ್ರೈವ್ ಮಾಡಿಕೊಂಡು ಬಂದು, ಬಟ್ಟೆ ಒಗೆದುಕೊಂಡು, ಸಾರಿನ ಪುಡಿ ಕಟ್ಟಿಸಿಕೊಂಡು ಹೋಗುತ್ತಾರೆ. ಉಳಿದ ದಿನ ಪಕ್ಕದ ಟ್ರಾಯ್‌ನ ಮನೆಯಲ್ಲಿ ನನ್ನೊಡನೆ ಮಾತಾಡುವುದು ಡಿಶ್‌ವಾಷರ್ ಒಂದೇ. ಅದೂ ಕೆಲಸ ಮುಗಿದಾಗ ಮೂರು ಸಲ ಬೀಪ್ ಎಂದು ಸುಮ್ಮನಾಗುತ್ತದೆ.

ನಮ್ಮದು ಕಾರಿನ ಸೀಟು ಮಾಡುವ ಕಂಪನಿ. ಎರಡು ವರ್ಷದ ಹಿಂದೆ ಅದನ್ನು ಚೀನಾದವರು ಕೊಂಡ ಮೇಲೆ ಅಲ್ಲಿಂದ ಮೇಲಿಂಗ್, ಜುನ್ ಎಂಬ ಇಬ್ಬರು ಎಂಜಿನಿಯರುಗಳೂ ಮಿಸ್ಟರ್ ಹಾನ್ ಎಂಬ ಮ್ಯಾನೇಜರೂ ನಮ್ಮ ವಿಭಾಗಕ್ಕೆ ಬಂದರು. ಹುಡುಗರು ನನ್ನನ್ನು ‘ಶ್ಯಾಮಲಾ ಜಿಯೆ’ ಎನ್ನುತ್ತಾರೆ. ಜಿಯೆ ಎಂದರೆ ಅಕ್ಕ. ಐವತ್ತೇಳರಲ್ಲಿ ಅಕ್ಕ ಎನ್ನಿಸಿಕೊಳ್ಳುವುದು ಯಾರಿಗೆ ತಾನೇ ಬೇಡ? ಮೀಟಿಂಗಿನಲ್ಲಿ ನಾನು ಕೂರುವ ತನಕ ಅವರು ಕೂರುವುದಿಲ್ಲ. ನನ್ನ ಲೆಕ್ಕ ತಪ್ಪಾಗಿದ್ದರೆ ‘ಇನ್ನೊಂದ್ಸಲ ನೋಡೋಣ್ವಾ ಜಿಯೆ?’ ಎನ್ನುತ್ತಾರೆ. ಅದರ ಅರ್ಥ ‘ಪೂರ್ತಿ ತಪ್ಪು’ ಎಂದು ನನಗೆ ಹೊಳೆಯಲು ಆರು ತಿಂಗಳು ಹಿಡಿಯಿತು.

ಐದಕ್ಕೆ ಆಫೀಸು ಖಾಲಿಯಾದರೂ ಇವರಿಬ್ಬರೂ ಜಪ್ಪಯ್ಯ ಎಂದರೂ ಏಳುತ್ತಿರಲಿಲ್ಲ. ಹೇಗೂ ಮನೆಗೆ ಹೋಗಲು ಮನಸ್ಸಿಲ್ಲದ ನಾನು ಅವರ ಜೊತೆ ಐದೂಮುಕ್ಕಾಲರ ತನಕ ಆರಾಮಾಗಿ ಕೂರುತ್ತಿದ್ದೆ. ನಾನು ಬ್ಯಾಗು ಎತ್ತಿಕೊಂಡೊಡನೆ ಮೇಲಿಂಗ್ ಓಡುತ್ತಿದ್ದಳು. ವ್ಯಾಯಾಮದ ಹುಡುಗಿ ಎಂದುಕೊಂಡೆ. ದೇವಸ್ಥಾನದ ಊಟದ ಸಾಲಿನಲ್ಲಿ ನಿಂತು ‘ಚೀನಾದವರ ದುಡಿಮೆ ನೋಡಿ ಕಲೀಬೇಕು ಕಣ್ರೀ’ ಎಂದು ಭಾಷಣವನ್ನೂ ಬಿಗಿದೆ. ಮಿಸ್ಟರ್ ಹಾನ್ ಮಾತ್ರ ಸರಿಯಾಗಿ ಐದಕ್ಕೆ ಬಿಸಿನೀರಿನ ಫ್ಲಾಸ್ಕ್ ಹಿಡಿದು ಕೈಬೀಸಿ ಹೊರಟುಬಿಡುತ್ತಿದ್ದರು. ಅವರನ್ನು ನಾನು ಸೋಮಾರಿಗಳ ಪಟ್ಟಿಗೆ ಸೇರಿಸಿದ್ದೆ.

ಜನವರಿಯ ಒಂದು ಸಂಜೆ ಮೇಲಿಂಗ್‌ಗೆ ಎರಡೆರಡು ಸಲ ಫೋನ್ ಬಂತು. ಕಣ್ಣಲ್ಲಿ ನೀರು ತುಂಬಿಕೊಂಡೂ ‘ಏನಿಲ್ಲ ಜಿಯೆ’ ಎಂದಳು. ಮರುದಿನ ಕಾಫಿ ಮಷೀನಿನ ಹತ್ತಿರ ಜುನ್‌ನನ್ನು ಹಿಡಿದು ಕೇಳಿದೆ. ಅವನು ನೆಲ ನೋಡುತ್ತಾ ಹೇಳಿದ: “ಫೋನ್ ಬಂದಿದ್ದು ಡೇಕೇರಿಂದ. ಆರಕ್ಕೆ ಮುಚ್ತಾರೆ. ಅಷ್ಟೊತ್ತಿಗೆ ಅವಳ ಮಗು ಒಂದೇ ಉಳಿದಿರುತ್ತೆ. ಕೋಟ್ ಹಾಕ್ಕೊಂಡು ಬಾಗಿಲ ಹತ್ರ ಕಾಯ್ತಾ ಕೂತಿರುತ್ತೆ.”

“ಮತ್ತೆ ಐದಕ್ಕೇ ಹೋಗೋಕೆ ಏನಪ್ಪಾ ಕಷ್ಟ?”

“ಹಿರಿಯರು ಕೂತಿರೋವಾಗ ನಾವು ಹೇಗೆ ಏಳೋದು, ಜಿಯೆ?”

ಹಿರಿಯರು ಯಾರು ಎಂದು ಸುತ್ತಲೂ ನೋಡಿದೆ. ಅವನನ್ನೂ ಕಾಫಿ ಮಷೀನನ್ನೂ ಬಿಟ್ಟರೆ ನಾನೊಬ್ಬಳೇ ಇದ್ದೆ. ನನಗೆ ತುಂಬಾ ನಾಚಿಕೆಯಾಯಿತು. ನನ್ನ ಒಂಟಿತನ ಕಳೆಯಲು ಒಂದು ಮಗುವನ್ನು ದಿನಾ ಒಂಟಿಯಾಗಿ ಕೂರಿಸಿದ್ದೆ.

ಅಂದು ಗಡಿಯಾರ ಐದು ತೋರಿಸಿದೊಡನೆ ಎಲ್ಲರಿಗೂ ಕೇಳುವಂತೆ ಕುರ್ಚಿ ಎಳೆದು ಎದ್ದೆ. ಹಿಂದೆಯೇ ಇನ್ನೆರಡು ಕುರ್ಚಿಗಳ ಸದ್ದು. ಕಾರು ಹತ್ತಿದೆ, ಆದರೆ ಮನೆಯ ಕಡೆ ತಿರುಗಿಸಲು ಕೈ ಬರಲಿಲ್ಲ. ನಾಲ್ಕೈದು ಮೈಲಿ ಸುಮ್ಮನೆ ಸುತ್ತಿ, ಅರ್ಧ ಗಂಟೆಯ ಮೇಲೆ ಕಳ್ಳಿಯ ಹಾಗೆ ಆಫೀಸಿಗೇ ವಾಪಸ್ ಬಂದೆ. ಒಳಗೆ ದೀಪ ಉರಿಯುತ್ತಿತ್ತು. ಮಿಸ್ಟರ್ ಹಾನ್ ಒಬ್ಬರೇ ಫ್ಲಾಸ್ಕಿನಿಂದ ನೀರು ಬಗ್ಗಿಸಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ಅವರೂ ಸಿಕ್ಕಿಬಿದ್ದವರಂತೆ ನಿಂತರು.

“ನೀವು ಐದಕ್ಕೇ ಹೋಗ್ತಿದ್ರಲ್ಲ?” ಎಂದೆ.

“ನಾನಿದ್ರೆ ನೀವ್ಯಾರೂ ಏಳಲ್ವಲ್ಲ. ನೀವೆಲ್ಲ ಹೊರಡೋ ತನಕ ಹಿಂದಿನ ಪಾರ್ಕಿಂಗ್‌ನಲ್ಲಿ ಕಾರಲ್ಲಿ ಕೂತಿದ್ದು, ಆಮೇಲೆ ಒಳಗೆ ಬರ್ತಿದ್ದೆ. ಹೆಂಡತಿ ಚೀನಾದಲ್ಲಿದಾಳೆ. ಮನೇಲಿ ಯಾರಿದಾರೆ?”

ಎರಡು ವರ್ಷ, ಮಿಷಿಗನ್‌ನ ಚಳಿಯಲ್ಲಿ! ಸೋಮಾರಿಗಳ ಪಟ್ಟಿಯಿಂದ ಅವರ ಹೆಸರು ಹೊಡೆದು ಹಾಕಿದೆ. ಅವರು ಇನ್ನೊಂದು ಲೋಟಕ್ಕೆ ಬಿಸಿನೀರು ಬಗ್ಗಿಸಿ, ಎರಡು ಕೈಯಲ್ಲಿ ಹಿಡಿದು ಕೊಟ್ಟರು. ಕುಡಿಯುತ್ತಾ ಕೂತೆವು. ಅವರಿಗೆ ಅರವತ್ತೊಂದಂತೆ.

ಆರೂವರೆಗೆ ನೇಪರ್‌ವಿಲ್‌ನಿಂದ ಫೋನ್ ಬಂತು. “ಇನ್ನೂ ಆಫೀಸಲ್ಲೇ ಇದೀಯಾ? ಅಷ್ಟೊಂದು ಕೆಲಸಾನಾ?”

“ಕೆಲಸ ಏನಿಲ್ಲ ರೀ,” ಎಂದೆ. “ಹಿರಿಯರು ಕೂತಿದಾರೆ. ನಾನು ಹೇಗೆ ಏಳೋದು?”